ಟಾಲ್‌ಸ್ಟಾಯ್ ಬರಹಗಳಲ್ಲಿ ಬದುಕಿನ ಪಾಠ ಇರುವುದೆಲ್ಲಿ?

ಗಂಗಾವತಿ ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ನೆಲ್ಲಿನ ಗದ್ದೆಗಳು ಕಾಣುತ್ತವೆ. ಆ ಗದ್ದೆಗಳ ನಡುನಡುವೆ ಈಚಿನ ವರ್ಷಗಳಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳೂ ಲೇಔಟ್‌ಗಳ ಕಮಾನುಗಳೂ ಎದ್ದಿವೆ. ಚಹಾದಂಗಡಿಯಲ್ಲಿ ಕುಳಿತರೆ ಎಕರೆ, ಗುಂಟೆ, ಸೈಟು, ನೋಂದಣಿಯ ಮಾತೇ ಕಿವಿಗೆ ಬೀಳುತ್ತದೆ. ಅಲ್ಲಿಯೇ ಕುಳಿತವರ ಮೊಬೈಲಿಗೆ ಬೆಳಗಾದರೆ ‘ಟಾಲ್‌ಸ್ಟಾಯ್ ಹೇಳಿದ ಹತ್ತು ಜೀವನ ಪಾಠಗಳು’ ಎಂಬಂಥ ಪಟ್ಟಿಗಳೂ ಬರುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಗ್ರಂಥಾಲಯದಲ್ಲಿ ಅಂಥದೊಂದು ಪಟ್ಟಿಯನ್ನು ನನ್ನ ಮುಂದೆ ಹಿಡಿದು, “ಸರ್, ಇವನ್ನೆಲ್ಲ ಅವರು ಯಾವ ಪುಸ್ತಕದಾಗ ಬರದಾರ್ರೀ?” ಎಂದು ಕೇಳಿದ. ಪಟ್ಟಿಯಲ್ಲಿ ಒಂದು ಪುಸ್ತಕದ ಹೆಸರೂ ಇರಲಿಲ್ಲ, ಒಂದು ಪಾತ್ರದ ಹೆಸರೂ ಇರಲಿಲ್ಲ.

ಹುಡುಗನ ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಒಳಗೆ ದೊಡ್ಡದೊಂದು ಪ್ರಶ್ನೆಯಿದೆ. ಒಬ್ಬ ಕಾದಂಬರಿಕಾರ ಕಲ್ಪಿತ ಮನುಷ್ಯರ ಕಥೆ ಹೇಳುತ್ತಾನೆ. ಅದರಿಂದ ನಿಜವಾದ ಮನುಷ್ಯರಿಗೆ ಪಾಠ ಸಿಗುವುದು ಹೇಗೆ? ಟಾಲ್‌ಸ್ಟಾಯ್ ಅವರ ಒಂದು ಪುಟವನ್ನೂ ಓದದವರಿಗೂ ತಿಳಿಯುವಂತೆ ಇದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಯಾರು ಈ ಟಾಲ್‌ಸ್ಟಾಯ್?

ಲಿಯೋ ಟಾಲ್‌ಸ್ಟಾಯ್ 1828ರಲ್ಲಿ ರಷ್ಯಾದ ಯಾಸ್ನಾಯಾ ಪಾಲ್ಯಾನಾ ಎಂಬಲ್ಲಿ, ದೊಡ್ಡ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನೂ ಒಂಬತ್ತು ತುಂಬುವ ಹೊತ್ತಿಗೆ ತಂದೆಯನ್ನೂ ಕಳೆದುಕೊಂಡರು. ಯೌವನದಲ್ಲಿ ಜೂಜಾಡಿ ಸಾಲ ಮಾಡಿಕೊಂಡು, ತಾವು ಹುಟ್ಟಿದ ದೊಡ್ಡ ಮನೆಯನ್ನೇ ಮಾರಬೇಕಾಯಿತು; ಕೊಂಡವರು ಅದನ್ನು ಬಿಚ್ಚಿ ಬೇರೆಡೆಗೆ ಸಾಗಿಸಿದರು. ಸೈನ್ಯ ಸೇರಿ ಕ್ರಿಮಿಯಾ ಯುದ್ಧದಲ್ಲಿ ಸೆವಸ್ತೊಪೋಲ್ ನಗರದ ಮುತ್ತಿಗೆಯನ್ನು ಕಣ್ಣಾರೆ ಕಂಡರು. ಊರಿಗೆ ಮರಳಿದ ಮೇಲೆ 1859ರಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದರು. 1860ರ ದಶಕದಲ್ಲಿ ‘ಯುದ್ಧ ಮತ್ತು ಶಾಂತಿ’, 1870ರ ದಶಕದಲ್ಲಿ ‘ಅನ್ನಾ ಕರೆನಿನಾ’, 1899ರಲ್ಲಿ ‘ಪುನರುತ್ಥಾನ’ ಎಂಬ ಕಾದಂಬರಿಗಳು ಹೊರಬಂದವು. ಈ ಮೂರನ್ನೂ ದೇಜಗೌ ಅವರು ಕನ್ನಡಕ್ಕೆ ತಂದಿದ್ದಾರೆ. 1910ರ ನವೆಂಬರಿನಲ್ಲಿ, ಮನೆ ಬಿಟ್ಟು ಹೊರಟ ಕೆಲವೇ ದಿನಗಳಲ್ಲಿ, ಅಸ್ತಾಪೊವೊ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು.

ಅವರ ಕಾಲದ ರಷ್ಯಾದ ಬಗ್ಗೆ ಒಂದು ಸಂಗತಿ ತಿಳಿದಿದ್ದರೆ ಕಥೆಗಳು ಸಲೀಸಾಗಿ ಅರ್ಥವಾಗುತ್ತವೆ. 1861ರವರೆಗೆ ಅಲ್ಲಿನ ಕೋಟ್ಯಂತರ ರೈತರು ಜೀತದಾಳುಗಳಾಗಿದ್ದರು; ಹೊಲ ಮಾರಿದರೆ ಹೊಲದ ಜೊತೆಗೆ ಅವರೂ ಕೈಬದಲಾಗುತ್ತಿದ್ದರು. ಆ ವರ್ಷ ಅವರಿಗೆ ಬಿಡುಗಡೆಯೇನೋ ಸಿಕ್ಕಿತು, ಆದರೆ ಸಿಕ್ಕ ಭೂಮಿ ಸಾಲದಾಯಿತು. ಆ ಭೂಮಿಗೂ 49 ವರ್ಷಗಳ ಕಂತು ಕಟ್ಟಬೇಕೆಂದು ಸರ್ಕಾರ ವಿಧಿಸಿತು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಹೊತ್ತಿನಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಗೇಣಿದಾರರ ಮನೆಗಳಲ್ಲಿ ಎಂಥ ಆಸೆ ಹುಟ್ಟಿಸಿತ್ತು ಎಂಬುದನ್ನು ಹಿರಿಯರಿಂದ ಕೇಳಿದವರಿಗೆ, ಭೂಮಿಯ ಹಸಿವೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಗಾದೆ ಇರುವಾಗ ಕಥೆ ಏತಕ್ಕೆ?

‘ಅತಿ ಆಸೆ ಗತಿಗೇಡು’ ಎಂಬ ಗಾದೆ ನಮ್ಮಲ್ಲಿದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದೂ ಇದೆ. ಟಾಲ್‌ಸ್ಟಾಯ್ ಹೇಳುವುದೂ ಇಷ್ಟೇ ಆಗಿದ್ದರೆ ಅವರನ್ನು ಓದುವ ಅಗತ್ಯವೇ ಇರುತ್ತಿರಲಿಲ್ಲ.

ಗಾದೆ ಎಂದರೆ ಬಹಳ ಜನರ ಅನುಭವ ಭಟ್ಟಿಯಿಳಿದು ಉಳಿದ ಮಾತು. ಅದು ತೀರ್ಪನ್ನು ಮೊದಲೇ ಹೇಳಿಬಿಡುತ್ತದೆ. ಹಾಗಾಗಿ ಗಾದೆಯನ್ನು ನಾವು ಸಾಮಾನ್ಯವಾಗಿ ಬೇರೆಯವರಿಗೆ ಹೇಳುತ್ತೇವೆ; ಅತಿ ಆಸೆ ಪಟ್ಟವನು ಯಾವಾಗಲೂ ಪಕ್ಕದ ಮನೆಯವನೇ ಆಗಿರುತ್ತಾನೆ. ಕಥೆ ಹಾಗೆ ಮಾಡುವುದಿಲ್ಲ. ಅದು ನಮ್ಮನ್ನು ಒಬ್ಬ ಮನುಷ್ಯನ ಜೊತೆ ನಡೆಸುತ್ತದೆ, ಅವನ ಪ್ರತಿಯೊಂದು ಹೆಜ್ಜೆಯೂ ಆ ಕ್ಷಣಕ್ಕೆ ನ್ಯಾಯವಾಗಿಯೇ ಕಾಣುವಂತೆ ಮಾಡುತ್ತದೆ, ಕೊನೆಗೆ ‘ಇವನು ತಪ್ಪಿದ್ದು ಎಲ್ಲಿ?’ ಎಂದು ಹಿಂತಿರುಗಿ ನೋಡಿದಾಗ ಆ ಜಾಗದಲ್ಲಿ ನಾವೂ ಅವನೊಡನೆ ತಲೆಯಾಡಿಸಿದ್ದೆವೆಂಬುದು ಗೊತ್ತಾಗುತ್ತದೆ.

ಇದನ್ನು ಸಾಧಿಸಲು ಟಾಲ್‌ಸ್ಟಾಯ್ ಮತ್ತೆ ಮತ್ತೆ ಬಳಸುವ ಒಂದು ಕ್ರಮವಿದೆ. ಇತರರನ್ನು ಒಂದು ಸೇರಿನಿಂದ ಅಳೆಯುತ್ತಿದ್ದ ಮನುಷ್ಯನನ್ನು ಅವರು ಎದುರು ಜಾಗದಲ್ಲಿ ನಿಲ್ಲಿಸುತ್ತಾರೆ; ಆಗ ಅದೇ ಸೇರು ಅವನನ್ನು ಅಳೆಯುತ್ತದೆ. ಅವರ ಹೆಸರಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಕಾಣದಿರುವುದು ಇದೇ.

ಪಾಹೋಮ್‌ನ ಹೊಲ

1886ರಲ್ಲಿ ಪ್ರಕಟವಾದ ಒಂದು ಸಣ್ಣ ಕಥೆಯ ಹೆಸರು ‘ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು?’ ಎಂಬ ಪ್ರಶ್ನೆ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದಾದ ಕಥೆ. ನಮ್ಮ ಭಾಗದವರಿಗೆ ಟಾಲ್‌ಸ್ಟಾಯ್ ಪರಿಚಯವಾಗಲು ಇದಕ್ಕಿಂತ ಹತ್ತಿರದ ಬಾಗಿಲಿಲ್ಲ ಎಂಬುದು ನನ್ನ ಭಾವನೆ. ಹಾಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಪಾಹೋಮ್ ಒಬ್ಬ ಬಡ ರೈತ. ಅವನ ಊರಿನ ಪಕ್ಕದಲ್ಲಿ ಒಬ್ಬ ಜಮೀನ್ದಾರಿಣಿಯ ಹೊಲವಿದೆ. ಆಕೆ ನೇಮಿಸಿದ ಮೇಲ್ವಿಚಾರಕ, ಒಬ್ಬ ನಿವೃತ್ತ ಸೈನಿಕ, ರೈತರ ಕುದುರೆಯೋ ಆಕಳೋ ಗಡಿ ದಾಟಿ ಬಂದರೆ ದಂಡ ಹಾಕುತ್ತಾನೆ. ಪಾಹೋಮ್ ದಂಡ ಕಟ್ಟುತ್ತಾನೆ, ಮನೆಗೆ ಬಂದು ಆ ಸಿಟ್ಟನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಾನೆ. ಸಾಕಷ್ಟು ಭೂಮಿಯೊಂದಿದ್ದರೆ ತಾನು ಸೈತಾನನಿಗೂ ಹೆದರುವುದಿಲ್ಲವೆಂದು ಅವನು ಅಂದುಕೊಂಡದ್ದನ್ನು, ಒಲೆಯ ಹಿಂದೆ ಅಡಗಿದ್ದ ಸೈತಾನ ಕೇಳಿಸಿಕೊಳ್ಳುತ್ತಾನೆ.

ಆ ಜಮೀನ್ದಾರಿಣಿ ಹೊಲ ಮಾರಲು ಮುಂದಾದಾಗ ಪಾಹೋಮ್ ಕುದುರೆಮರಿಯನ್ನು ಮಾರಿ, ಅರ್ಧದಷ್ಟು ಜೇನುಗೂಡುಗಳನ್ನು ಮಾರಿ, ಮಗನನ್ನು ಕೂಲಿಗೆ ಕಳಿಸಿ ಮುಂಗಡ ಪಡೆದು, ಸಾಲ ತಂದು 15 ದೆಸ್ಯಾತಿನಾ ಭೂಮಿ ಕೊಳ್ಳುತ್ತಾನೆ. ದೆಸ್ಯಾತಿನಾ ಎಂಬುದು ರಷ್ಯಾದ ಹಳೆಯ ಅಳತೆ. ಒಂದು ದೆಸ್ಯಾತಿನಾ ಸುಮಾರು 2.7 ಎಕರೆ. ಅಂದರೆ ಪಾಹೋಮ್ ಕೊಂಡದ್ದು ಸುಮಾರು 40 ಎಕರೆ. ಮೊದಲ ವರ್ಷದ ಬೆಳೆಯಲ್ಲೇ ಸಾಲ ತೀರುತ್ತದೆ. ತನ್ನ ಹೊಲದಲ್ಲಿ ಬೆಳೆದ ಹುಲ್ಲೂ ಹೂವೂ ಅವನ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತವೆ. ಇಲ್ಲಿಯವರೆಗೆ ಓದುವ ಯಾವ ರೈತನೂ ಪಾಹೋಮ್‌ನನ್ನು ತಪ್ಪೆನ್ನಲಾರ.

ಇದಾದ ಮೇಲೆ ಬರುವ ಸಣ್ಣ ಘಟನೆಯನ್ನು ಅವಸರದ ಓದುಗರು ದಾಟಿ ಹೋಗುತ್ತಾರೆ. ನೆರೆಯವರ ದನಗಳು ಪಾಹೋಮ್‌ನ ಹೊಲಕ್ಕೆ ನುಗ್ಗುತ್ತವೆ. ಅವರು ಬೇಕೆಂದು ಬಿಟ್ಟದ್ದಲ್ಲ, ಅವರಿಗೆ ಮೇವಿನ ನೆಲವೇ ಸಾಲದು. ಅದು ಪಾಹೋಮ್‌ಗೂ ಗೊತ್ತು. ಮೊದಮೊದಲು ಅಟ್ಟುತ್ತಾನೆ, ಕ್ಷಮಿಸುತ್ತಾನೆ. ಕೊನೆಗೆ ತಾಳ್ಮೆ ಕಳೆದುಕೊಂಡು ನ್ಯಾಯಾಲಯಕ್ಕೆ ಹೋಗಿ ಅವರಿಗೆ ದಂಡ ಹಾಕಿಸುತ್ತಾನೆ. ಯಾವ ದಂಡದಿಂದ ನೊಂದು ಭೂಮಿ ಬಯಸಿದನೋ ಅದೇ ದಂಡವನ್ನು ಅವನು ಈಗ ತನ್ನಂಥವರ ಮೇಲೆ ಹೊರಿಸುತ್ತಿದ್ದಾನೆ. ಮೇಲ್ವಿಚಾರಕನ ಜಾಗದಲ್ಲಿ ಈಗ ಪಾಹೋಮ್ ನಿಂತಿದ್ದಾನೆ. ಇಷ್ಟನ್ನು ಟಾಲ್‌ಸ್ಟಾಯ್ ಬಾಯಿಬಿಟ್ಟು ಹೇಳುವುದಿಲ್ಲ. ಎರಡು ದಂಡಗಳನ್ನು ಕೆಲವೇ ಪುಟಗಳ ಅಂತರದಲ್ಲಿಟ್ಟು ಸುಮ್ಮನಾಗುತ್ತಾರೆ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನವರಿಗೆ ಇದನ್ನು ಒಂದು ಹೋಲಿಕೆಯಿಂದ ಹೇಳಬಹುದು. ಕೊಪ್ಪಳದಿಂದ ರಾಯಚೂರಿನತ್ತ ಹರಿಯುವ ಈ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುವುದು, ಮೇಲ್ಭಾಗದಲ್ಲಿ ನೀರು ಹೆಚ್ಚು ಎಳೆದುಕೊಳ್ಳುತ್ತಾರೆಂದು ದೂರುವುದು ಪ್ರತಿ ಹಂಗಾಮಿನಲ್ಲೂ ಕೇಳಿಬರುತ್ತದೆ. ಆ ಕೊನೆಭಾಗದವನೇ ಒಬ್ಬ ನಾಳೆ ಮೇಲ್ಭಾಗದಲ್ಲಿ ಹೊಲ ಕೊಂಡನೆಂದು ಇಟ್ಟುಕೊಳ್ಳಿ. ಸಸಿ ಬಾಡುವ ದಿನ ಬಂದಾಗ ಅವನು ತೂಬಿನ ಮುಂದೆ ನಿಂತು ಏನು ಮಾಡುತ್ತಾನೆ? ಕೆಳಗಿನವರ ಸಂಕಟ ಅವನಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಬಲ್ಲದ್ದು ಕೈಯನ್ನು ತಡೆಯುತ್ತದೆಯೇ? ಪಾಹೋಮ್‌ನ ಕಥೆ ಕೇಳುವ ಪ್ರಶ್ನೆ ಈ ಜಾತಿಯದು.

ಮುಂದೆ ಅವನು ನೆರೆಯವರೊಡನೆ ಬಾಳಲಾಗದೆ ವೋಲ್ಗಾ ನದಿಯಾಚೆಗೆ ಹೋಗುತ್ತಾನೆ. ಅಲ್ಲಿ ಮೊದಲಿಗಿಂತ ಹೆಚ್ಚು ಭೂಮಿ ಸಿಗುತ್ತದೆ, ಗುತ್ತಿಗೆಗೂ ಹಿಡಿಯುತ್ತಾನೆ, ಅದೂ ಇಕ್ಕಟ್ಟೆನಿಸುತ್ತದೆ. ದಾರಿಯಲ್ಲಿ ಬಂದ ವ್ಯಾಪಾರಿಯೊಬ್ಬ ಬಷ್ಕೀರ್ ಎಂಬ ಜನರ ಬಗ್ಗೆ ಹೇಳುತ್ತಾನೆ: ಅವರ ಹುಲ್ಲುಗಾವಲಿಗೆ ಕೊನೆಯೇ ಇಲ್ಲ, ಬೆಲೆಯೂ ಅಗ್ಗ. ಪಾಹೋಮ್ ಒಬ್ಬ ಆಳನ್ನು ಕರೆದುಕೊಂಡು ಅಲ್ಲಿಗೆ ಹೋದರೆ ಅವರ ಮುಖಂಡ ಹೇಳುವ ಬೆಲೆ ವಿಚಿತ್ರವಾಗಿದೆ: ದಿನಕ್ಕೆ 1,000 ರೂಬಲ್. ಬೆಳಿಗ್ಗೆ ಹೊರಟು ನಡೆದು ಸುತ್ತು ಹಾಕಿದಷ್ಟು ನೆಲ ನಿನ್ನದು, ಆದರೆ ಸೂರ್ಯ ಮುಳುಗುವುದರೊಳಗೆ ಹೊರಟ ಜಾಗಕ್ಕೆ ಮರಳಬೇಕು. ತಪ್ಪಿದರೆ ನೆಲವೂ ಇಲ್ಲ, ಹಣವೂ ಇಲ್ಲ.

ದಿನದಿಂದ ನೆಲ ಅಳೆಯುವುದು ನಮಗೆ ಹೊಸದಲ್ಲ. ಒಂದು ದಿನಕ್ಕೆ ಕೂರಿಗೆಯಿಂದ ಬಿತ್ತುವಷ್ಟು ನೆಲದ ಲೆಕ್ಕದಲ್ಲಿ ‘ಇಷ್ಟು ಕೂರಿಗೆ ಹೊಲ’ ಎಂದು ಹೇಳುವ ರೂಢಿ ನಮ್ಮ ಹಳ್ಳಿಗಳ ಹಿರಿಯರಲ್ಲಿ ಈಗಲೂ ಇದೆ. ಆ ಅಳತೆಯಲ್ಲಿ ಎತ್ತಿನ ದಣಿವೂ ಮನುಷ್ಯನ ದಣಿವೂ ಸೇರಿರುತ್ತವೆ, ದುಡಿಯುವಷ್ಟೇ ಹೊಲ ಎಂಬ ಮಿತಿ ಅದರೊಳಗೇ ಇರುತ್ತದೆ. ಬಷ್ಕೀರರ ಅಳತೆಯಲ್ಲಿ ದುಡಿಮೆಯ ಮಾತೇ ಇಲ್ಲ. ಅಲ್ಲಿ ಮಿತಿಯನ್ನು ಪಾಹೋಮ್‌ನೇ ತನ್ನ ಕಾಲುಗಳಿಂದ ಹಾಕಿಕೊಳ್ಳಬೇಕು.

ಗುಡ್ಡದ ಮೇಲೆ ಮುಖಂಡ ತನ್ನ ನರಿತುಪ್ಪಳದ ಟೋಪಿಯನ್ನು ಗುರುತಿಗೆ ಇಡುತ್ತಾನೆ. ಪಾಹೋಮ್ ಸನಿಕೆ ಹಿಡಿದು ಹೊರಡುತ್ತಾನೆ, ಅಲ್ಲಲ್ಲಿ ಗುಂಡಿ ತೋಡಿ ಗುರುತು ಮಾಡುತ್ತಾನೆ. ತಿರುಗಬೇಕೆನ್ನುವಾಗ ಮುಂದಿನ ನೆಲ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದೆಡೆ ತಗ್ಗಿನಲ್ಲಿ ತೇವದ ನೆಲ. ಅಗಸೆ ಅಲ್ಲಿ ಹುಲುಸಾಗಿ ಬೆಳೆದೀತು ಎಂದು ಅದನ್ನೂ ಸುತ್ತುತ್ತಾನೆ. ಗಮನಿಸಬೇಕಾದದ್ದೇನೆಂದರೆ, ಅವನ ಲೆಕ್ಕ ಎಲ್ಲಿಯೂ ಮೂರ್ಖನ ಲೆಕ್ಕವಲ್ಲ. ಅನುಭವಸ್ಥ ರೈತನ ಕಣ್ಣು ಅದು. ಒಳ್ಳೆಯ ಮಣ್ಣನ್ನು ಗುರುತಿಸುವ ಆ ಕಣ್ಣೇ ಅವನನ್ನು ದೂರ ಎಳೆಯುತ್ತದೆ. ಮರಳುವಾಗ ಹೊತ್ತು ಇಳಿದಿದೆ, ಕಾಲು ಗಾಯವಾಗಿದೆ, ಓಡುತ್ತಾನೆ. ಗುಡ್ಡದ ಬುಡಕ್ಕೆ ಬರುವಾಗ ಸೂರ್ಯ ಕಾಣದಾಗುತ್ತಾನೆ; ಆದರೆ ಗುಡ್ಡದ ಮೇಲೆ ನಿಂತವರಿಗೆ ಇನ್ನೂ ಕಾಣುತ್ತಿರಬೇಕೆಂದು ನೆನಪಾಗಿ ಕೊನೆಯ ಉಸಿರು ಕಟ್ಟಿ ಹತ್ತುತ್ತಾನೆ, ಟೋಪಿಯನ್ನು ಮುಟ್ಟುತ್ತಾನೆ, ಬಿದ್ದು ಸಾಯುತ್ತಾನೆ. ಅವನ ಆಳು ಅದೇ ಸನಿಕೆಯಿಂದ ಗುಂಡಿ ತೋಡಿ ಹೂಳುತ್ತಾನೆ. ಮೂಲ ರಷ್ಯನ್‌ನಲ್ಲಿ ಆ ಗುಂಡಿಯ ಅಳತೆ ಮೂರು ಅರ್ಷಿನ್, ಅಂದರೆ ಸುಮಾರು 7 ಅಡಿ. ಹೆಸರಾದ ಇಂಗ್ಲಿಷ್ ಅನುವಾದದಲ್ಲಿ ಅದು 6 ಅಡಿಯಾಗಿದೆ. ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇದು ಬಡವರಿಗೆ ಹೇಳಿದ ಬುದ್ಧಿಮಾತೇ?

ಈ ಕಥೆಯನ್ನು ‘ಇದ್ದುದರಲ್ಲಿ ತೃಪ್ತಿಪಡಿ’ ಎಂದು ಎರಡು ಎಕರೆ ಮಳೆಯಾಶ್ರಿತ ಹೊಲದವನಿಗೆ ಹೇಳಲು ಬಳಸುವುದುಂಟು. ಅದು ಕಥೆಗೆ ಮಾಡುವ ಅನ್ಯಾಯ. ಪಾಹೋಮ್‌ನ ಮೊದಲ ಆಸೆ ಅನ್ಯಾಯದಿಂದ ತಪ್ಪಿಸಿಕೊಳ್ಳುವ ಆಸೆಯಾಗಿತ್ತು, ಟಾಲ್‌ಸ್ಟಾಯ್ ಅದನ್ನು ಗೇಲಿ ಮಾಡುವುದಿಲ್ಲ. ಗಾಳಿಯಂತೆ ಭೂಮಿಯೂ ಯಾರೊಬ್ಬರ ಖಾಸಗಿ ಸ್ವತ್ತಾಗಬಾರದೆಂದು ಅವರು ತಮ್ಮ ಕೊನೆಯ ದಶಕಗಳಲ್ಲಿ ಬಹಿರಂಗವಾಗಿ ವಾದಿಸಿದರು. ಅಮೆರಿಕದ ಹೆನ್ರಿ ಜಾರ್ಜ್ ಎಂಬ ಚಿಂತಕರ ಭೂಮಿ ತೆರಿಗೆಯ ವಿಚಾರವನ್ನು ಬೆಂಬಲಿಸಿದರು. ಅವರ ಮಾತು ಭೂಮಿ ಹೆಚ್ಚಿಟ್ಟುಕೊಂಡವರ ಕಡೆಗಿತ್ತು, ಅವರಲ್ಲಿ ತಾವೂ ಒಬ್ಬರೆಂಬ ಅರಿವಿನಿಂದಲೇ ಇತ್ತು.

1891ರಲ್ಲಿ ರಷ್ಯಾದಲ್ಲಿ ಬರ ಬಿದ್ದಾಗ ಅವರು ಮಕ್ಕಳೊಡನೆ ರಿಯಾಜಾನ್ ಪ್ರಾಂತದ ಹಳ್ಳಿಗಳಿಗೆ ಹೋಗಿ ಹಸಿದವರಿಗೆ ಊಟದ ಕೇಂದ್ರಗಳನ್ನು ತೆರೆದರು. ಅವುಗಳ ಸಂಖ್ಯೆ 200 ದಾಟಿತು. ಗಂಜಿ ಕೇಂದ್ರವೆಂಬ ಮಾತು ತಿಳಿದಿರುವ ನಮ್ಮ ಜಿಲ್ಲೆಗಳವರಿಗೆ ಆ ಕೆಲಸದ ಅರ್ಥ ಆಗುತ್ತದೆ. 1910ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ನೆಲೆಯೊಂದನ್ನು ಮಾಡಿದಾಗ ಅದಕ್ಕೆ ಟಾಲ್‌ಸ್ಟಾಯ್ ಹೆಸರನ್ನೇ ಇಟ್ಟರು. ಹರ್ಮನ್ ಕಾಲೆನ್‌ಬಾಖ್ ಎಂಬ ಗೆಳೆಯರು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟ ಆ ನೆಲದ ವಿಸ್ತೀರ್ಣ 1,100 ಎಕರೆ. ಅಷ್ಟು ನೆಲದಲ್ಲಿ ದುಡಿದವರು ಯಾರೂ ಒಂದು ಗುಂಟೆಯನ್ನೂ ತಮ್ಮದೆನ್ನಲಿಲ್ಲ ಎಂಬುದನ್ನು ಪಾಹೋಮ್‌ನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು.

ನ್ಯಾಯಾಧೀಶ ರೋಗಿಯಾದಾಗ

ಅದೇ 1886ರಲ್ಲಿ ಬಂದ ಇನ್ನೊಂದು ಕೃತಿ ‘ಇವಾನ್ ಇಲ್ಯಿಚ್‌ನ ಸಾವು’. ಇದು ನೀಳ್ಗತೆ, ಅಂದರೆ ಸಣ್ಣಕಥೆಗಿಂತ ಉದ್ದ, ಕಾದಂಬರಿಗಿಂತ ಚಿಕ್ಕದು. ರಷ್ಯನ್ ಹೆಸರುಗಳು ಓದುಗರನ್ನು ಹೆದರಿಸುವುದರಿಂದ ಇಲ್ಲಿಯೇ ಒಂದು ವಿವರಣೆ: ಅಲ್ಲಿ ಒಬ್ಬರಿಗೆ ಮೂರು ಹೆಸರುಗಳಿರುತ್ತವೆ. ಮೊದಲನೆಯದು ಇಟ್ಟ ಹೆಸರು, ನಡುವಿನದು ತಂದೆಯ ಹೆಸರಿನಿಂದ ಬಂದದ್ದು, ಕೊನೆಯದು ಮನೆತನದ ಹೆಸರು. ಗೌರವದಿಂದ ಕರೆಯುವಾಗ ಮೊದಲೆರಡನ್ನು ಸೇರಿಸುತ್ತಾರೆ. ಇವಾನ್ ಇಲ್ಯಿಚ್ ಎಂದರೆ ಇಲ್ಯಾನ ಮಗ ಇವಾನ್. ಆ ಹೆಸರು ಅಲ್ಲಿ, ನಮ್ಮಲ್ಲಿ ಬಸವರಾಜ, ಹನುಮಂತಪ್ಪ ಇದ್ದಂತೆ, ಊರಿಗೆ ಹತ್ತು ಜನ ಇರುವಂಥದು. ಲೇಖಕರು ಅದನ್ನು ಆರಿಸಿದ್ದು ಯಾರದೋ ವಿಶೇಷ ಕಥೆ ಇದಲ್ಲವೆಂದು ತಿಳಿಸಲಿಕ್ಕೆ.

ಇವಾನ್ ಇಲ್ಯಿಚ್ ನ್ಯಾಯಾಲಯದಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಲಂಚ ಮುಟ್ಟುವವನಲ್ಲ, ಕೆಲಸದಲ್ಲಿ ಚುರುಕು. ಬಡ್ತಿ ಬಂತು, ಸಂಬಳ ಹೆಚ್ಚಿತು, ಹೊಸ ಮನೆ ಸಿಕ್ಕಿತು. ಪರದೆ ಹೇಗೆ ತೂಗಬೇಕೆಂದು ಕೆಲಸದವನಿಗೆ ತೋರಿಸಲು ತಾನೇ ಏಣಿ ಹತ್ತಿ, ಜಾರಿ, ಪಕ್ಕೆಗೆ ಪೆಟ್ಟು ಮಾಡಿಕೊಂಡ. ಮೊದಲು ಸಣ್ಣ ನೋವು, ಬರಬರುತ್ತಾ ಬಾಯಲ್ಲಿ ಕೆಟ್ಟ ರುಚಿ, ಕೊನೆಗೆ ಹಾಸಿಗೆ. ಸಾಯುವಾಗ ಅವನಿಗೆ 45 ವರ್ಷ.

ಈ ಕಥೆಯಲ್ಲೂ ಜಾಗ ಬದಲಾಗುತ್ತದೆ. ವೈದ್ಯರ ಬಳಿ ಹೋದಾಗ ಅವನು ಕೇಳಬೇಕೆಂದಿದ್ದುದು ಒಂದೇ ಮಾತು: ಇದು ಅಪಾಯವೇ, ಅಲ್ಲವೇ? ವೈದ್ಯರು ಅದಕ್ಕೆ ಉತ್ತರಿಸದೆ ಮೂತ್ರಪಿಂಡವೋ ಕರುಳೋ ಎಂಬ ಲೆಕ್ಕಾಚಾರವನ್ನು ಗಂಭೀರವಾಗಿ ಮುಂದಿಡುತ್ತಾರೆ. ಆ ಗತ್ತು ಅವನಿಗೆ ಚಿರಪರಿಚಿತ. ಕಟಕಟೆಯಲ್ಲಿ ನಿಂತವರ ಮುಂದೆ ತಾನು ಸಾವಿರ ಸಲ ಅದೇ ಮುಖ ಇಟ್ಟುಕೊಂಡಿದ್ದ. ಎದುರಿನವನ ಪ್ರಾಣದ ಪ್ರಶ್ನೆಯನ್ನು ಕಾಗದದ ಪ್ರಶ್ನೆಯಾಗಿಸುವ ಕಲೆಯಲ್ಲಿ ಅವನೂ ಪಳಗಿದವನೇ. ಯಾವುದಾದರೂ ಕಚೇರಿಯ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತವರಿಗೆ, ಹಾಗೆಯೇ ಆ ಕಿಟಕಿಯ ಒಳಗೆ ಕುಳಿತವರಿಗೆ, ಈ ಎರಡು ಪುಟಗಳನ್ನು ಓದಲು ಕೊಡಬೇಕೆಂದು ನನಗೆ ಯಾವಾಗಲೂ ಅನಿಸುತ್ತದೆ. ನಮ್ಮಲ್ಲಿ ಬಹುಪಾಲು ಜನ ದಿನದ ಒಂದು ಹೊತ್ತು ಒಳಗೂ ಇನ್ನೊಂದು ಹೊತ್ತು ಹೊರಗೂ ಇರುವವರೇ.

ಮನೆಯಲ್ಲಿ ಎಲ್ಲರೂ ಅವನು ಗುಣವಾಗುತ್ತಾನೆಂಬ ಸುಳ್ಳನ್ನು ಆಡುತ್ತಿದ್ದಾರೆ. ಆಡದಿರುವವನು ಗೆರಾಸಿಮ್ ಎಂಬ ಹಳ್ಳಿಯ ಹುಡುಗ, ಮನೆಯಾಳು. ನೋವು ಕಡಿಮೆಯಾಗಲೆಂದು ರೋಗಿಯ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯಿಡೀ ಕೂರುತ್ತಾನೆ. ಎಲ್ಲರೂ ಒಂದು ದಿನ ಸಾಯುವವರೇ, ಹಾಗಿರುವಾಗ ಇಷ್ಟು ಕಷ್ಟಪಡುವುದರಲ್ಲೇನು ಎಂಬುದು ಅವನ ನಿಲುವು. ತರ್ಕಶಾಸ್ತ್ರದ ಪುಸ್ತಕದಲ್ಲಿ ‘ಕಾಯಸ್ ಮನುಷ್ಯ, ಮನುಷ್ಯರು ಮರ್ತ್ಯರು, ಆದ್ದರಿಂದ ಕಾಯಸ್ ಮರ್ತ್ಯ’ ಎಂದು ಓದಿದ್ದ ಇವಾನ್ ಇಲ್ಯಿಚ್‌ಗೆ ಆ ಮಾತು ಕಾಯಸ್‌ಗೆ ಮಾತ್ರ ಅನ್ವಯಿಸುತ್ತದೆಂದು ಅನಿಸಿತ್ತು. ಹಳ್ಳಿಯ ಹುಡುಗ ಗೆರಾಸಿಮ್‌ಗೆ ಅದು ಮೊದಲೇ ತಿಳಿದಿತ್ತು, ಆ ತಿಳಿವು ಅವನ ಹೆಗಲಿನಲ್ಲಿತ್ತು. ಕಥೆಯ ಕೊನೆಯಲ್ಲಿ ಶಾಲೆಗೆ ಹೋಗುವ ಚಿಕ್ಕ ಮಗ ಬಂದು ತಂದೆಯ ಕೈ ಹಿಡಿದು ಅಳುವಾಗ, ಇವಾನ್ ಇಲ್ಯಿಚ್ ತನ್ನ ಬಗ್ಗೆ ಮರುಗುವುದನ್ನು ಬಿಟ್ಟು ಮನೆಯವರ ಬಗ್ಗೆ ಮೊದಲ ಸಲ ಮರುಗುತ್ತಾನೆ. ಅವನಿಗೆ ಬಿಡುಗಡೆ ಸಿಗುವುದು ಆ ಮರುಕದ ನಂತರ.

ದೊಡ್ಡ ಕಾದಂಬರಿಗಳಲ್ಲಿ ಇದೇ ಕ್ರಮ

‘ಪುನರುತ್ಥಾನ’ದಲ್ಲಿ ಈ ಕ್ರಮ ಅತ್ಯಂತ ನೇರವಾಗಿದೆ. ನೆಖ್ಲ್ಯೂದೊವ್ ಎಂಬ ಶ್ರೀಮಂತ ಒಂದು ಕೊಲೆಯ ಮೊಕದ್ದಮೆಯಲ್ಲಿ ಜ್ಯೂರಿಯ ಸದಸ್ಯನಾಗಿ ಕುಳಿತಿದ್ದಾನೆ. ಜ್ಯೂರಿ ಎಂದರೆ ತಪ್ಪು ನಡೆಯಿತೋ ಇಲ್ಲವೋ ಎಂದು ನಿರ್ಧರಿಸಲು ಸಾರ್ವಜನಿಕರಿಂದ ಆರಿಸಿದ ಕೆಲವರ ಗುಂಪು. ಆರೋಪಿಯ ಮುಖ ನೋಡಿದಾಗ ಅವನಿಗೆ ಗುರುತು ಸಿಗುತ್ತದೆ: ಅವಳು ಕತ್ಯೂಷಾ ಮಾಸ್ಲೊವಾ, ವರ್ಷಗಳ ಹಿಂದೆ ಅವನೇ ಕೆಡಿಸಿ ಕೈಬಿಟ್ಟ ಹುಡುಗಿ. ತೀರ್ಪು ಕೊಡಬೇಕಾದವನೇ ಅವಳನ್ನು ಆ ಕಟಕಟೆಗೆ ತಂದವನು. ಜ್ಯೂರಿಯವರು ತಮ್ಮ ಉತ್ತರದಲ್ಲಿ ‘ಕೊಲ್ಲುವ ಉದ್ದೇಶವಿಲ್ಲದೆ’ ಎಂಬ ಮಾತು ಸೇರಿಸಲು ಮರೆತದ್ದರಿಂದ ನಿರಪರಾಧಿಗೆ ಸೈಬೀರಿಯಾದ ಕಠಿಣ ಶಿಕ್ಷೆಯಾಗುತ್ತದೆ. ಮುಂದಿನ ಇಡೀ ಕಾದಂಬರಿ ಆ ಎರಡು ಕುರ್ಚಿಗಳ ನಡುವಿನ ದೂರವನ್ನು ನಡೆಯುವ ಪ್ರಯತ್ನ.

‘ಯುದ್ಧ ಮತ್ತು ಶಾಂತಿ’ ವಿಶಾಲವಾದ ಕೃತಿ. ಇಲ್ಲಿ ಒಂದು ಉದಾಹರಣೆ ಸಾಕು. 1812ರಲ್ಲಿ ನೆಪೋಲಿಯನ್ನನ ಸೈನ್ಯ ಮಾಸ್ಕೋ ಹಿಡಿದಾಗ ಅಪಾರ ಆಸ್ತಿಯ ಒಡೆಯನಾದ ಪಿಯೆರ್ ಸೆರೆಯಾಳಾಗುತ್ತಾನೆ. ಪ್ಲತೋನ್ ಕರತಾಯೆವ್ ಎಂಬ ಸಾಮಾನ್ಯ ಸೈನಿಕ ಬೇಯಿಸಿದ ಆಲೂಗಡ್ಡೆಯನ್ನು ಸೀಳಿ, ಉಪ್ಪು ಉದುರಿಸಿ ಅವನಿಗೆ ಕೊಡುತ್ತಾನೆ. ಅಷ್ಟು ರುಚಿಯಾದದ್ದನ್ನು ತಾನು ಎಂದೂ ತಿಂದಿಲ್ಲವೆಂದು ಪಿಯೆರ್‌ಗೆ ಅನಿಸುತ್ತದೆ.

ಕುಡುಗೋಲು ಹಿಡಿದ ಒಡೆಯ

‘ಅನ್ನಾ ಕರೆನಿನಾ’ ಎಂದೊಡನೆ ಅನ್ನಾಳ ದುರಂತವೇ ಎಲ್ಲರ ನೆನಪಿಗೆ ಬರುತ್ತದೆ. ಆದರೆ ಕಾದಂಬರಿಯ ಇನ್ನೊಂದು ಅರ್ಧ ಲೆವಿನ್ ಎಂಬ ಜಮೀನ್ದಾರನದು, ಅವನಲ್ಲಿ ಟಾಲ್‌ಸ್ಟಾಯ್ ಅವರ ಸ್ವಂತ ಬದುಕಿನ ಅಂಶಗಳು ಬಹಳಷ್ಟಿವೆ. ಒಂದು ದಿನ ಅವನು ಆಳುಗಳ ಸಾಲಿನಲ್ಲಿ ನಿಂತು ಹುಲ್ಲು ಕೊಯ್ಯಲು ಹೊರಡುತ್ತಾನೆ. ರಷ್ಯಾದಲ್ಲಿ ಹುಲ್ಲು ಕೊಯ್ಯುವುದು ಉದ್ದ ಹಿಡಿಯ ದೊಡ್ಡ ಕುಡುಗೋಲಿನಿಂದ, ನಿಂತುಕೊಂಡು ಬೀಸುತ್ತಾ. ಮುಂದೆ ತೀತ್ ಎಂಬ ಆಳು ಹಿಂತಿರುಗಿಯೂ ನೋಡದೆ ಕೊಯ್ಯುತ್ತಾ ಹೋಗುತ್ತಾನೆ. ಒಡೆಯನ ಸಾಲು ಅಂಕುಡೊಂಕು, ಬೆವರು, ನಾಚಿಕೆ. ಮಧ್ಯಾಹ್ನ ಮುದುಕನೊಬ್ಬ ತನ್ನ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಉಪ್ಪು ಹಾಕಿ ಹಂಚಿಕೊಂಡಾಗ ಲೆವಿನ್‌ಗೆ ಮನೆಯ ಊಟಕ್ಕೆ ಹೋಗಬೇಕೆನಿಸುವುದಿಲ್ಲ. ಕೆಲವು ಹೊತ್ತು ಕುಡುಗೋಲು ತಾನಾಗಿಯೇ ಬೀಸುತ್ತಿದೆಯೆಂಬಂತೆ ಅವನು ತನ್ನನ್ನೇ ಮರೆಯುತ್ತಾನೆ. ನಾಟಿ ಹಚ್ಚುವ ಹೆಣ್ಣುಮಕ್ಕಳ ಸಾಲು ಹಾಡಿನೊಂದಿಗೆ ಒಂದೇ ಲಯದಲ್ಲಿ ಹಿಂದೆ ಸರಿಯುವುದನ್ನು ಗದ್ದೆಯ ಬದುವಿನಲ್ಲಿ ನಿಂತು ನೋಡಿದವರು ಈ ಪುಟಗಳನ್ನು ನಂಬುತ್ತಾರೆ. ಜೊತೆಗೆ, ಅವರಿಗೆ ಅದು ದಿನಗೂಲಿ, ಲೆವಿನ್‌ಗೆ ಅದು ಬಯಸಿ ಹೋದ ದಣಿವು ಎಂಬ ವ್ಯತ್ಯಾಸವನ್ನೂ ಅವರು ಮರೆಯುವುದಿಲ್ಲ.

ಇದೇ ಲೆವಿನ್ ಮುಂದೆ ಮದುವೆ, ಮಗು, ಆಸ್ತಿ ಎಲ್ಲ ಇದ್ದಾಗಲೇ ಬದುಕಿಗೆ ಅರ್ಥ ಕಾಣದೆ ನರಳುತ್ತಾನೆ; ನೇಣು ಹಾಕಿಕೊಂಡೇನೆಂಬ ಭಯದಿಂದ ಹಗ್ಗವನ್ನು ಬಚ್ಚಿಡುತ್ತಾನೆ. ಫ್ಯೋದರ್ ಎಂಬ ರೈತ ಬೇರೊಬ್ಬನ ಬಗ್ಗೆ ಮಾತಾಡುತ್ತಾ, ಅವನು ಹೊಟ್ಟೆಗಾಗಿ ಬದುಕದೆ ಆತ್ಮಕ್ಕಾಗಿ ಬದುಕುತ್ತಾನೆ ಎಂಬರ್ಥದ ಮಾತನ್ನು ಸಹಜವಾಗಿ ಆಡಿದಾಗ ಲೆವಿನ್‌ಗೆ ದಾರಿ ಕಾಣುತ್ತದೆ. ಪಟ್ಟಿ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ; ಟಾಲ್‌ಸ್ಟಾಯ್ ನಿಲ್ಲಿಸುವುದಿಲ್ಲ. ಆ ಬೆಳಕು ಕಂಡ ಸ್ವಲ್ಪ ಹೊತ್ತಿನಲ್ಲೇ, ಗಾಡಿ ಹೊಡೆಯುವ ಆಳು ಲಗಾಮಿಗೆ ಕೈಹಾಕಿದನೆಂದು ಲೆವಿನ್ ಅವನ ಮೇಲೆ ರೇಗುತ್ತಾನೆ, ರೇಗಿದ್ದಕ್ಕೆ ನೊಂದುಕೊಳ್ಳುತ್ತಾನೆ. ತಿಳಿದುಕೊಂಡದ್ದು ಒಂದು, ನಡೆದುಕೊಳ್ಳುವುದು ಇನ್ನೊಂದು ಎಂಬ ಅಂತರವನ್ನು ಅವರು ಮುಚ್ಚಿಡುವುದಿಲ್ಲ.

ಬರೆದವರು ಹಾಗೆಯೇ ಬದುಕಿದರೇ?

ಆ ಅಂತರ ಅವರ ಬದುಕಿನಲ್ಲೂ ಇತ್ತು. 1862ರಲ್ಲಿ ಮದುವೆಯಾದ ಸೋಫಿಯಾ 13 ಮಕ್ಕಳನ್ನು ಹೆತ್ತರು. ಅವರಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರು. ‘ಯುದ್ಧ ಮತ್ತು ಶಾಂತಿ’ಯ ಗೀಚುಬರಹವನ್ನು ರಾತ್ರಿಗಳಲ್ಲಿ ಕುಳಿತು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿದವರು ಆಕೆ. ಗಂಡ ಆಸ್ತಿಯನ್ನೂ ಪುಸ್ತಕಗಳ ಹಕ್ಕನ್ನೂ ತ್ಯಜಿಸುವ ಮಾತಾಡಿದಾಗ ಮನೆ ನಡೆಸುವ, ಮಕ್ಕಳನ್ನು ಸಾಕುವ ಭಾರ ಆಕೆಯ ಮೇಲೆಯೇ ಉಳಿಯಿತು. ಎಲ್ಲರ ಜಾಗದಲ್ಲೂ ನಿಂತು ನೋಡಬಲ್ಲ ಲೇಖಕರು ತಮ್ಮ ಹೆಂಡತಿಯ ಜಾಗದಲ್ಲಿ ಎಷ್ಟು ಹೊತ್ತು ನಿಂತಿದ್ದರು ಎಂಬ ಪ್ರಶ್ನೆಯನ್ನು, ಅವರನ್ನು ಪ್ರೀತಿಯಿಂದ ಓದುವವರೂ ಕೇಳಲೇಬೇಕು. ಅವರೇ ಕಲಿಸಿಕೊಟ್ಟ ಸೇರು ಅದು.

ಎಲ್ಲಿಂದ ಶುರು ಮಾಡುವುದು?

ಹೊಸಬರು ದಪ್ಪ ಕಾದಂಬರಿಗಳಿಂದ ಆರಂಭಿಸಿದರೆ ಹೆಸರುಗಳ ಗುಂಪಿನಲ್ಲಿ ದಾರಿ ತಪ್ಪುವ ಸಂಭವವಿದೆ. ಮೊದಲು ಪಾಹೋಮ್‌ನ ಕಥೆ, ನಂತರ ಇವಾನ್ ಇಲ್ಯಿಚ್, ಆಮೇಲೆ ‘ಪುನರುತ್ಥಾನ’ ಅಥವಾ ‘ಅನ್ನಾ ಕರೆನಿನಾ’ ಓದುವುದು ಸುಲಭದ ಕ್ರಮ. ಪಾತ್ರಗಳ ಹೆಸರು ಬಂದ ಹಾಗೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಐವತ್ತು ಪುಟ ದಾಟುವಷ್ಟರಲ್ಲಿ ಅವರು ಪರಿಚಯದ ಊರಿನವರಂತೆ ಆಗುತ್ತಾರೆ.

ಪಟ್ಟಿ ತೋರಿಸಿದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ಅವನು ಪಾಹೋಮ್‌ನ ಕಥೆಯನ್ನು ಎರಡು ಸಲ ಓದಿ ಮುಂದಿನ ವಾರ ಬಂದ. ಭೂಮಿಯ ಬಗ್ಗೆ ಏನೋ ಕೇಳುತ್ತಾನೆಂದು ನಾನು ಕಾದಿದ್ದೆ. ಅವನು ಕೇಳಿದ್ದು, “ಸರ್, ಕಡೀಕ ಗುಂಡಿ ತೋಡಿದ ಆ ಆಳಿಗೆ ಕಥಿಯೊಳಗ ಹೆಸರೇ ಇಲ್ಲಲ್ರೀ, ಯಾಕ?”